ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ಐರನ್: ಸಾಧಾರಣ ಗಾಲ್ಫ್ ಆಟಗಾರನ ಆಯ್ಕೆ

ವ್ಯಾಪಾರ-ಉದ್ದಿಮೆಯಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದು, ಮಕ್ಕಳ ಕೈಗೆ ಒಂದಿಷ್ಟು ಹೊಣೆ ದಾಟಿಸಿದ ನಂತರ ಗಾಲ್ಫ್ ಮೈದಾನದತ್ತ ಮುಖಮಾಡುವ ವರ್ತಕರು ರಾಜ್ಯದಲ್ಲಿ ಕಡಿಮೆಯೇನಿಲ್ಲ. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಿಂದ ಹಿಡಿದು ಮೈಸೂರಿನ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್, ಕೊಡಗು-ಚಿಕ್ಕಮಗಳೂರಿನ ಕಾಫಿ ಸೀಮೆಯ ಮೈದಾನಗಳವರೆಗೆ ಈ ಆಟಕ್ಕೆ ಇಲ್ಲಿ ಹಳೆಯ ನೆಲೆಯೂ ಉಂಟು. ಆದರೆ ಖರೀದಿಯಲ್ಲಿ ಕಾಸಿಗೆ ಕಾಸು ಲೆಕ್ಕ ಹಾಕುವ ಇದೇ ವರ್ತಕರು ಗಾಲ್ಫ್ ದಾಂಡು ಕೊಳ್ಳುವಾಗ ಮಾತ್ರ ಆ ವಿವೇಕವನ್ನು ಅಂಗಡಿಯ ಹೊರಗೆ ಬಿಟ್ಟು ಹೋಗುತ್ತಾರೆ ಎಂಬುದು ಸೋಜಿಗದ ಸಂಗತಿ. ಹೆಸರಾಂತ ಕಂಪನಿಯ ಹೊಸ ಐರನ್ ಸೆಟ್ಟಿನ ಬೆಲೆ ಲಕ್ಷ ರೂಪಾಯಿಯ ಸುತ್ತಮುತ್ತ ಇರುತ್ತದೆ. ಟೈಗರ್ ವುಡ್ಸ್ ಬಳಸುವಂಥ ತೆಳ್ಳನೆಯ, ಕನ್ನಡಿಯಂತೆ ಹೊಳೆಯುವ ಐರನ್ನುಗಳನ್ನು ಅಷ್ಟು ಹಣ ತೆತ್ತು ತಂದು, ಆರು ತಿಂಗಳು ಮೊಣಕೈ ನೋಯಿಸಿಕೊಂಡು, ಕಡೆಗೆ ಆಟವೇ ತಮಗೆ ಒಗ್ಗದೆಂದು ಚೀಲವನ್ನು ಅಟ್ಟಕ್ಕೆ ಏರಿಸಿದವರು ಪ್ರತಿ ಕ್ಲಬ್ಬಿನಲ್ಲೂ ಸಿಗುತ್ತಾರೆ. ದೋಷ ಅನೇಕ ವೇಳೆ ಆಟಗಾರನದಲ್ಲ, ದಾಂಡಿನ ಆಯ್ಕೆಯದು.

ಮೊದಲಿಗೆ ಪರಿಭಾಷೆ. ಗಾಲ್ಫಿನಲ್ಲಿ ಚೆಂಡು ಹೊಡೆಯುವ ಕೋಲಿಗೂ ಕ್ಲಬ್ ಎನ್ನುತ್ತಾರೆ, ಸದಸ್ಯತ್ವದ ಸಂಸ್ಥೆಗೂ ಕ್ಲಬ್ ಎನ್ನುತ್ತಾರೆ. ಗೊಂದಲ ಬೇಡವೆಂದು ಇಲ್ಲಿ ಕೋಲನ್ನು ದಾಂಡು ಎಂದು ಕರೆಯಲಾಗಿದೆ. ಒಬ್ಬ ಆಟಗಾರ 14ಕ್ಕಿಂತ ಹೆಚ್ಚು ದಾಂಡುಗಳನ್ನು ಒಯ್ಯುವಂತಿಲ್ಲ. ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ 1939ರಲ್ಲಿ ಬಂದ ಈ ನಿಯಮ ಇಂದಿಗೂ ಇದೆ. ಇವುಗಳಲ್ಲಿ ಲೋಹದ ಚಪ್ಪಟೆ ತಲೆಯುಳ್ಳವು ಐರನ್ನುಗಳು. ನಂಬರು ಏರಿದಂತೆ ಮುಖದ ಓರೆ, ಅಂದರೆ ಲಾಫ್ಟ್, ಏರುತ್ತದೆ. ಚೆಂಡು ಎತ್ತರಕ್ಕೆ ಹೋಗಿ ಹತ್ತಿರ ಬೀಳುತ್ತದೆ. ನಂಬರು ಇಳಿದಂತೆ ಕೋಲು ಉದ್ದವಾಗುತ್ತದೆ, ಓರೆ ತಗ್ಗುತ್ತದೆ, ಹೊಡೆತ ಕಠಿಣವಾಗುತ್ತದೆ.

ತೂಕ ಎಲ್ಲಿದೆ ಎಂಬ ಪ್ರಶ್ನೆ

ಐರನ್ನಿನಲ್ಲಿ ಸ್ಥೂಲವಾಗಿ ಎರಡು ಕುಲ. ಒಂದು, ಬ್ಲೇಡ್: ಹಿಂಬದಿ ತುಂಬಿದ, ಅಂಗೈ ಅಗಲದ ಉಕ್ಕಿನ ಹಲಗೆಯಂಥದು, ಸಾಮಾನ್ಯವಾಗಿ ಮೃದು ಇಂಗಾಲದ ಉಕ್ಕನ್ನು ಬಡಿದು ಮಾಡಿದ್ದು. ಇನ್ನೊಂದು, ಕ್ಯಾವಿಟಿ ಬ್ಯಾಕ್: ಹಿಂಬದಿಯನ್ನು ತೋಡಿ, ಅಲ್ಲಿ ಉಳಿದ ಲೋಹವನ್ನು ಸುತ್ತಲಿನ ಅಂಚಿಗೆ, ಮುಖ್ಯವಾಗಿ ಮೂಗು, ಹಿಮ್ಮಡಿ ಮತ್ತು ಅಡಿಭಾಗಕ್ಕೆ ಸರಿಸಿದ್ದು. ಎರಡರ ಒಟ್ಟು ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಆ ತೂಕ ಇರುವ ಸ್ಥಳದಲ್ಲಿ.

ಚೆಂಡು ಮುಖದ ನಟ್ಟನಡುವೆ ತಾಗಿದರೆ ಎರಡೂ ಒಂದೇ. ಆದರೆ ಸಾಧಾರಣ ಆಟಗಾರನ ಹೊಡೆತ ನಡುವೆ ತಾಗುವುದು ಅಪರೂಪ. ಒಂದು ಸೆಂಟಿಮೀಟರ್ ಮೂಗಿನ ಕಡೆಗೋ ಹಿಮ್ಮಡಿಯ ಕಡೆಗೋ ಸರಿದೇ ಇರುತ್ತದೆ. ಆಗ ಸುಮಾರು 46 ಗ್ರಾಂ ತೂಗುವ ಚೆಂಡಿನ ಪೆಟ್ಟಿಗೆ ದಾಂಡಿನ ತಲೆ ತಿರುಚಿಕೊಳ್ಳುತ್ತದೆ. ತಿರುಚಿದಷ್ಟೂ ದಿಕ್ಕು ಕೆಡುತ್ತದೆ, ದೂರ ಕುಂದುತ್ತದೆ. ಈ ತಿರುಚುವಿಕೆಯನ್ನು ತಡೆಯುವ ಗುಣಕ್ಕೆ ಎಂಜಿನಿಯರುಗಳು ಮೊಮೆಂಟ್ ಆಫ್ ಇನರ್ಷಿಯಾ ಎನ್ನುತ್ತಾರೆ. ಅದು ತೂಕದೊಡನೆ ನೇರವಾಗಿಯೂ, ನಡುವಿನಿಂದ ತೂಕ ಇರುವ ದೂರದ ವರ್ಗದೊಡನೆಯೂ ಬೆಳೆಯುತ್ತದೆ. ಇಲ್ಲಿ 'ವರ್ಗ' ಎಂಬ ಮಾತಿನ ಮೇಲೆ ಗಮನವಿರಬೇಕು.

ಒಂದು ಸರಳ ಲೆಕ್ಕ ನೋಡಬಹುದು. 7ನೇ ನಂಬರಿನ ಐರನ್ನಿನ ತಲೆ ಸುಮಾರು 270 ಗ್ರಾಂ. ಅದರಲ್ಲಿ ಅರ್ಧ, ಅಂದರೆ 135 ಗ್ರಾಂ, ನಡುವಿನಿಂದ 2 ಸೆಂ.ಮೀ. ದೂರದಲ್ಲಿದೆ, ಉಳಿದರ್ಧ ನಡುವೆಯೇ ಇದೆ ಎಂದು ಲೆಕ್ಕದ ಅನುಕೂಲಕ್ಕೆ ಇಟ್ಟುಕೊಂಡರೆ, 135ನ್ನು 2ರ ವರ್ಗವಾದ 4ರಿಂದ ಗುಣಿಸಿ 540 ಬರುತ್ತದೆ. ಅದೇ 135 ಗ್ರಾಮನ್ನು 3 ಸೆಂ.ಮೀ. ದೂರಕ್ಕೆ ಸರಿಸಿದರೆ 135ನ್ನು 9ರಿಂದ ಗುಣಿಸಬೇಕು, 1,215 ಆಗುತ್ತದೆ. ಒಂದು ಗ್ರಾಂ ಲೋಹವನ್ನೂ ಹೆಚ್ಚಿಗೆ ಹಾಕದೆ, ಕೇವಲ ಒಂದು ಸೆಂಟಿಮೀಟರ್ ಸರಿಸಿದ್ದಕ್ಕೆ ತಿರುಚುವಿಕೆಯನ್ನು ತಡೆಯುವ ಶಕ್ತಿ ಎರಡೂಕಾಲು ಪಟ್ಟಾಯಿತು. ನಿಜವಾದ ತಲೆಯಲ್ಲಿ ತೂಕ ಹೀಗೆ ಎರಡು ಬಿಂದುಗಳಲ್ಲಿ ಕುಳಿತಿರುವುದಿಲ್ಲ, ಲೆಕ್ಕ ಇಷ್ಟು ಅಚ್ಚುಕಟ್ಟಾಗಿರುವುದಿಲ್ಲ. ತತ್ತ್ವ ಮಾತ್ರ ಇದೇ. ಆಟಗಾರನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವ ದಾಂಡು ಎಂದು ಮಾರಾಟಗಾರರು ಹೊಗಳುವ ಗುಣದ ಹಿಂದೆ ಇರುವುದು ಇಷ್ಟೇ ಗಣಿತ.

ಕಾರ್ಖಾನೆ ನಡೆಸುವವರಿಗೆ ಇದು ಹೊಸ ವಿಚಾರವೇನಲ್ಲ. ಯಂತ್ರ ಕೊಳ್ಳುವಾಗ ತಮ್ಮಲ್ಲಿರುವ ಅತಿ ನುರಿತ ಕೆಲಸಗಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳುವ ಮಾಲೀಕನಿಗೆ, ಎರಡನೆಯ ಪಾಳಿಗೆ ಬರುವ ಹೊಸ ಹುಡುಗನ ಕೈಯಲ್ಲಿ ಅದೇ ಯಂತ್ರ ಎಷ್ಟು ಮಾಲು ಕೆಡಿಸುತ್ತದೆಂಬುದು ತಿಂಗಳ ಕೊನೆಯಲ್ಲಿ ತಿಳಿಯುತ್ತದೆ. ಗಾಲ್ಫ್ ಆಡುವಾಗ ಆ ಎರಡನೆಯ ಪಾಳಿಯ ಹುಡುಗ ತಾನೇ ಎಂದು ಒಪ್ಪಿಕೊಳ್ಳುವುದಷ್ಟೇ ಕಷ್ಟ.

ಗ್ಯಾರೇಜಿನಿಂದ ಹೊರಟ ಉದ್ದಿಮೆ

ಈ ಗಣಿತವನ್ನು ಸರಕಾಗಿ ಪರಿವರ್ತಿಸಿದವರಲ್ಲಿ ಕಾರ್‌ಸ್ಟನ್ ಸೋಲ್‌ಹೈಮ್ ಅವರ ಹೆಸರು ಅಗ್ರಗಣ್ಯ. 1911ರಲ್ಲಿ ನಾರ್ವೆಯ ಬರ್ಗೆನ್‌ನಲ್ಲಿ ಜನಿಸಿ, ಶೈಶವದಲ್ಲೇ ಅಮೆರಿಕದ ಸಿಯಾಟಲ್ ಸೇರಿದ ಇವರು ಚಮ್ಮಾರಿಕೆಯ ಕುಟುಂಬದವರು. ಮುಂದೆ ಎಂಜಿನಿಯರರಾಗಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ದುಡಿದರು. ಗಾಲ್ಫ್ ಕಲಿತದ್ದು 42ನೇ ವಯಸ್ಸಿನಲ್ಲಿ, ಸಹೋದ್ಯೋಗಿಗಳ ಒತ್ತಾಯಕ್ಕೆ. ಚೆಂಡನ್ನು ಕುಳಿಗೆ ಉರುಳಿಸುವ ಪಟ್ಟರ್ ಎಂಬ ದಾಂಡು ಇವರ ಕೈಗೆ ಒಗ್ಗಲಿಲ್ಲ. ತಪ್ಪು ತಾಗಿದಾಗ ಅದು ಯಾಕೆ ತಿರುಚುತ್ತದೆಂದು ಯೋಚಿಸಿ, ತೂಕವನ್ನು ಎರಡು ತುದಿಗಳಿಗೆ ಸರಿಸಿದ ಪಟ್ಟರನ್ನು 1959ರಲ್ಲಿ ಕ್ಯಾಲಿಫೋರ್ನಿಯಾದ ರೆಡ್‌ವುಡ್ ಸಿಟಿಯ ಮನೆಯ ಗ್ಯಾರೇಜಿನಲ್ಲಿ ತಾವೇ ತಯಾರಿಸಿದರು. ಚೆಂಡಿಗೆ ತಾಗಿದಾಗ ಅದು ಹೊರಡಿಸುತ್ತಿದ್ದ 'ಪಿಂಗ್' ಎಂಬ ನಾದವೇ ಸರಕಿನ ಹೆಸರಾಯಿತು.

ಗಮನಿಸಬೇಕಾದ ಅಂಶವೆಂದರೆ, ಅವರು ತಕ್ಷಣ ನೌಕರಿ ಬಿಡಲಿಲ್ಲ. ಎಂಟು ವರ್ಷ ಸಂಬಳವನ್ನೂ ಗ್ಯಾರೇಜನ್ನೂ ಜೊತೆಯಾಗಿ ನಡೆಸಿದರು. 1966ರಲ್ಲಿ ಬಂದ 'ಆನ್ಸರ್' ಪಟ್ಟರಿಗೆ ಹೆಸರು ಸೂಚಿಸಿದವರು ಪತ್ನಿ ಲೂಯಿಸ್. ದಾಂಡಿನ ಮೇಲೆ ಕೆತ್ತಲು ಜಾಗ ಸಾಲದೆಂದು ಇಂಗ್ಲಿಷ್ ಕಾಗುಣಿತದ ಒಂದಕ್ಷರವನ್ನು ಕೈಬಿಟ್ಟರು. ಆ ಪಟ್ಟರಿನ ಬೇಡಿಕೆ ನೆಲೆ ನಿಂತ ಮೇಲೆ, 1967ರಲ್ಲಿ, ನೌಕರಿಗೆ ರಾಜೀನಾಮೆ ಕೊಟ್ಟು ಫೀನಿಕ್ಸ್ ನಗರದಲ್ಲಿ ಕಂಪನಿ ಸ್ಥಾಪಿಸಿದರು. ಹೊಸ ಉದ್ದಿಮೆಗೆ ಕೈಹಾಕುವವರು ಇದರ ಕಾಲಕ್ರಮವನ್ನು ಒಮ್ಮೆ ಓದಿಕೊಳ್ಳುವುದು ಲೇಸು.

ಅದೇ ತತ್ತ್ವದ ಐರನ್ ಸೆಟ್ಟು 1969ರಲ್ಲಿ 'ಕಾರ್‌ಸ್ಟನ್ 1' ಎಂಬ ಹೆಸರಿನಲ್ಲಿ ಬಂತು. ಹಿಂಬದಿ ತೋಡಿದ ಈ ಸಂಕೀರ್ಣ ಆಕಾರವನ್ನು ಬಡಿದು ತಯಾರಿಸುವುದು ದುಬಾರಿ. ಹಾಗಾಗಿ ಇನ್ವೆಸ್ಟ್‌ಮೆಂಟ್ ಕಾಸ್ಟಿಂಗ್ ಪದ್ಧತಿಯನ್ನು ಆಶ್ರಯಿಸಿದರು: ಮೇಣದಲ್ಲಿ ಪಡಿಯಚ್ಚು ಮಾಡಿ, ಅದರ ಮೇಲೆ ಸೆರಾಮಿಕ್ ಲೇಪಗಳನ್ನು ಪದರ ಪದರವಾಗಿ ಕೊಟ್ಟು, ಮೇಣವನ್ನು ಕರಗಿಸಿ ಹೊರತೆಗೆದು, ಉಳಿದ ಟೊಳ್ಳಿಗೆ ತುಕ್ಕುರಹಿತ ಉಕ್ಕನ್ನು ಎರೆಯುವುದು. ಬೆಳಗಾವಿ, ಶಿವಮೊಗ್ಗದ ಫೌಂಡ್ರಿ ಮಾಲೀಕರಿಗೆ ಇದರ ಪರಿಚಯ ಹೇಳಬೇಕಾಗಿಲ್ಲ. ಮೂಲ ತತ್ತ್ವವಂತೂ ಕಂಚಿನ ವಿಗ್ರಹ ಎರೆಯುವ ಶಿಲ್ಪಿಗಳದೇ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಮೇಣದ ಎರಕದ ವರ್ಣನೆ ಇದೆ. ಒಂದೇ ಅಚ್ಚಿನಿಂದ ಸಾವಿರಾರು ತಲೆಗಳು ಒಂದೇ ಅಳತೆಯಲ್ಲಿ ಹೊರಬರುವಂತಾದುದರಿಂದ, ಅಪರಿಣತನಿಗೂ ಒದಗುವ ದಾಂಡು ಅಗ್ಗವಾಗಿ ಸಿಗುವಂತಾಯಿತು. ಮೊದಮೊದಲು ವೃತ್ತಿಪರರು ಈ ಐರನ್ನುಗಳ ರೂಪ ಕಂಡು ನಕ್ಕರು. 1982ರಲ್ಲಿ ಬಂದ 'ಪಿಂಗ್ ಐ2' ಮಾದರಿಯ ಹೊತ್ತಿಗೆ ಅವರೂ ಅದನ್ನೇ ಹಿಡಿದಿದ್ದರು.

ಯಶಸ್ಸಿನ ಬೆನ್ನಿಗೆ ವ್ಯಾಜ್ಯವೂ ಬಂತು. ಮುಖದ ಮೇಲಿನ ಗೀರುಗಳ ಅಂಚು ಚೆಂಡಿನ ಸಿಪ್ಪೆಯನ್ನು ಕೆತ್ತುತ್ತಿದೆ ಎಂಬ ದೂರಿನ ಮೇರೆಗೆ ಸೋಲ್‌ಹೈಮ್ ಆ ಅಂಚನ್ನು ತುಸು ಗುಂಡಾಗಿಸಿದ್ದರು. ಗುಂಡಾದ ಅಂಚಿನಲ್ಲಿ ಗೀರು ಎಲ್ಲಿಂದ ಆರಂಭವಾಗುತ್ತದೆಂದು ಅಳೆಯಬೇಕು ಎಂಬುದೇ ತಗಾದೆ. ಅಮೆರಿಕದ ಗಾಲ್ಫ್ ಸಂಘದ ಅಳತೆಯಂತೆ ಗೀರುಗಳು ಅಗತ್ಯಕ್ಕಿಂತ ಹತ್ತಿರವಾದವು, ದಾಂಡು ನಿಯಮಬಾಹಿರವೆನಿಸಿತು. 1989ರಲ್ಲಿ ಕಂಪನಿ ನ್ಯಾಯಾಲಯದ ಮೆಟ್ಟಿಲೇರಿ 10 ಕೋಟಿ ಡಾಲರ್ ಪರಿಹಾರ ಕೋರಿತು. 1990ರ ಜನವರಿಯಲ್ಲಿ ರಾಜಿಯಾಯಿತು: ಮುಂದಿನ ತಯಾರಿಕೆಯಲ್ಲಿ ಗೀರಿನ ಅಂತರ ಬದಲಾಗಬೇಕು, ಆದರೆ 1990ರ ಏಪ್ರಿಲ್ 1ಕ್ಕೆ ಮುನ್ನ ತಯಾರಾದವು ಸಿಂಧುವಾಗಿಯೇ ಉಳಿಯುತ್ತವೆ. ವೃತ್ತಿಪರ ಪಂದ್ಯಗಳ ಪಿಜಿಎ ಟೂರ್‌ನೊಂದಿಗಿನ ಪ್ರತ್ಯೇಕ ದಾವೆ ಮುಗಿಯಲು 1993ರವರೆಗೆ ಹಿಡಿಯಿತು. ಕೂದಲೆಳೆಯ ಅಂತರ, ಅದೂ ಅಳತೆಯ ವಿಧಾನದ ಕುರಿತ ಭಿನ್ನಾಭಿಪ್ರಾಯ, ವರ್ಷಗಟ್ಟಲೆ ವಕೀಲರ ಶುಲ್ಕವಾಗಿ ಪರಿಣಮಿಸಿತು. ಖರೀದಿದಾರನೊಂದಿಗೆ ಅಳತೆಯ ಅಂಕಿಯನ್ನು ಮಾತ್ರ ಒಪ್ಪಂದದಲ್ಲಿ ಬರೆದು, ಅಳೆಯುವ ಕ್ರಮವನ್ನು ಬರೆಯದೆ ಬಿಡುವ ಬಿಡಿಭಾಗ ತಯಾರಕರು ಈ ದಾವೆಯ ಕಥೆಯನ್ನು ತಿಳಿದಿರಬೇಕು. ಸೋಲ್‌ಹೈಮ್ 2000ದ ಫೆಬ್ರವರಿಯಲ್ಲಿ ನಿಧನರಾದರು.

ನಂಬರಿನ ಮೋಸ, ಅಥವಾ ಮಾರಾಟದ ಜಾಣ್ಮೆ

ಇಂದು ಅಂಗಡಿಯಲ್ಲಿ ಹೊಸ ಐರನ್ನನ್ನು ಹಿಡಿದು ಹೊಡೆದವರಿಗೆ ಮೊದಲು ಮೆಚ್ಚಿಗೆಯಾಗುವುದು ದೂರ. 'ಹಳೆಯ 7 ನಂಬರಿನಲ್ಲಿ ಹೋಗುತ್ತಿದ್ದಕ್ಕಿಂತ ಇಪ್ಪತ್ತು ಗಜ ಮುಂದೆ ಹೋಯಿತು' ಎಂದು ಆಟಗಾರ ಬೀಗುತ್ತಾನೆ, ಬಿಲ್ ಸಿದ್ಧವಾಗುತ್ತದೆ. ಆದರೆ 7 ಎಂಬುದು ಯಾವ ಮಾನಕ ಸಂಸ್ಥೆಯೂ ನಿಗದಿಪಡಿಸಿದ ಅಳತೆಯಲ್ಲ. ತಯಾರಕ ಕೆತ್ತಿದ ಅಂಕಿ. 1970ರ ದಶಕದಲ್ಲಿ 7ನೇ ಐರನ್ನಿನ ಓರೆ 38 ಡಿಗ್ರಿಯ ಆಸುಪಾಸಿನಲ್ಲಿತ್ತು. ಇಂದಿನ ಸಾಧಾರಣ ಆಟಗಾರರಿಗೆಂದು ಮಾರುವ ಮಾದರಿಗಳಲ್ಲಿ ಅದು 28ರಿಂದ 30 ಡಿಗ್ರಿ. ಅಂದರೆ ಹಳೆಯ 5ನೇ ನಂಬರಿನ ಮೇಲೆ 7 ಎಂದು ಕೆತ್ತಲಾಗಿದೆ. ಬೆಲೆ ಅಷ್ಟೇ ಇಟ್ಟು ಪೊಟ್ಟಣದ ತೂಕ ಇಳಿಸುವ ತಂತ್ರವನ್ನು ಬಲ್ಲ ವರ್ತಕರಿಗೆ ಇದರ ಬಗೆ ಹೊಸದೇನಲ್ಲ.

ತಯಾರಕರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಹೊಸ ವಿನ್ಯಾಸದಲ್ಲಿ ಗುರುತ್ವ ಕೇಂದ್ರ ಕೆಳಕ್ಕೂ ಹಿಂದಕ್ಕೂ ಸರಿದಿರುವುದರಿಂದ ಚೆಂಡು ತಾನಾಗಿಯೇ ಎತ್ತರಕ್ಕೆ ಏಳುತ್ತದೆ. ಹಳೆಯ ಓರೆಯನ್ನೇ ಉಳಿಸಿದ್ದರೆ ಅದು ಆಕಾಶಕ್ಕೇರಿ ಮುಂದೆ ಸಾಗದೇ ಬೀಳುತ್ತಿತ್ತು. ಆದ್ದರಿಂದ ಓರೆ ತಗ್ಗಿಸಿದ್ದು ಪೂರ್ತಿ ಕಣ್ಕಟ್ಟಲ್ಲ. ಆದರೂ ಅದರ ಇನ್ನೊಂದು ಪರಿಣಾಮವನ್ನು ಮಾರಾಟಗಾರ ತಾನಾಗಿ ಹೇಳುವುದಿಲ್ಲ. ಸೆಟ್ಟಿನ ಕೊನೆಯ ದಾಂಡಾದ ಪಿಚಿಂಗ್ ವೆಡ್ಜ್ ಹಿಂದೆ 50 ಡಿಗ್ರಿಯ ಹತ್ತಿರವಿತ್ತು, ಈಗ 41ರಿಂದ 44. ಮರಳಗುಂಡಿಯಿಂದ ಚೆಂಡೆತ್ತುವ ಸ್ಯಾಂಡ್ ವೆಡ್ಜ್ 54 ಅಥವಾ 56ರಲ್ಲೇ ಇದೆ. ನಡುವೆ ಹತ್ತು ಹನ್ನೆರಡು ಡಿಗ್ರಿಯ ಕಂದಕ. ಅದನ್ನು ತುಂಬಲು ಇನ್ನೊಂದು, ಕೆಲವೊಮ್ಮೆ ಎರಡು ವೆಡ್ಜ್ ಕೊಳ್ಳಬೇಕು. ಮೇಲ್ಗಡೆ ದೂರ ಕೊಟ್ಟಂತೆ ಮಾಡಿ, ಕೆಳಗಡೆ ಹೊಸ ಸರಕಿಗೆ ಗಿರಾಕಿ ಹುಟ್ಟಿಸುವ ಈ ಏರ್ಪಾಡನ್ನು ಮೆಚ್ಚದಿರಲು ಸಾಧ್ಯವಿಲ್ಲ. ಕೊಳ್ಳುವವನು ನಂಬರು ಮರೆತು ಡಿಗ್ರಿಯ ಪಟ್ಟಿ ಕೇಳಬೇಕು, ಪಕ್ಕಪಕ್ಕದ ದಾಂಡುಗಳ ನಡುವೆ ನಾಲ್ಕೈದು ಡಿಗ್ರಿ ಅಂತರವಿದೆಯೇ ಎಂದು ನೋಡಬೇಕು, ಬೇಕಾಗುವ ವೆಡ್ಜಿನ ಬೆಲೆಯನ್ನೂ ಸೇರಿಸಿಕೊಂಡು ಸೆಟ್ಟುಗಳನ್ನು ಹೋಲಿಸಬೇಕು.

ಅಡಿಯ ಅಗಲ, ಕೋಲಿನ ತೂಕ

ದಾಂಡಿನ ತಳ ಅಗಲವಾಗಿದ್ದರೆ, ಚೆಂಡಿಗಿಂತ ಮೊದಲು ನೆಲಕ್ಕೆ ತಾಗಿದಾಗಲೂ ಅದು ಮಣ್ಣಿನಲ್ಲಿ ಹೂತುಕೊಳ್ಳದೆ ಜಾರಿಕೊಂಡು ಮುಂದೆ ಹೋಗುತ್ತದೆ. ಮಳೆಗಾಲದ ಮೆತ್ತನೆಯ ನೆಲದಲ್ಲಿ ಇದರ ಬೆಲೆ ತಿಳಿಯುತ್ತದೆ. ಬೇಸಿಗೆಯ ಗಟ್ಟಿ ನೆಲದಲ್ಲಿ ಮಾತ್ರ ತೀರ ಅಗಲವಾದ ತಳ ಪುಟಿದು ಚೆಂಡಿನ ನೆತ್ತಿಗೆ ಹೊಡೆಯುವುದೂ ಉಂಟು. ಆದಕಾರಣ ಅತಿ ಅಗಲವೂ ಬೇಡ. ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಭ್ಯಾಸದ ಮೈದಾನದ ಪ್ಲಾಸ್ಟಿಕ್ ಚಾಪೆಯ ಮೇಲೆ ಎಲ್ಲ ದಾಂಡೂ ಜಾರುತ್ತದೆ. ನೆಲಕ್ಕೆ ಮೊದಲು ತಾಗಿದ ಕೆಟ್ಟ ಹೊಡೆತವೂ ಅಲ್ಲಿ ಒಳ್ಳೆಯದಾಗಿಯೇ ಕಾಣುತ್ತದೆ. ಚಾಪೆಯ ಮೇಲಿನ ಪರೀಕ್ಷೆಯಿಂದ ಐರನ್ ಆಯ್ದುಕೊಂಡವರು ಹುಲ್ಲಿನ ಮೇಲೆ ನಿರಾಶರಾಗುತ್ತಾರೆ. ಒಂದು ದಿನದ ಮಟ್ಟಿಗಾದರೂ ಮಾದರಿ ದಾಂಡನ್ನು ಹುಲ್ಲಿನ ಮೇಲೆ ಹೊಡೆದು ನೋಡುವ ಅವಕಾಶ ಕೇಳುವುದರಲ್ಲಿ ಸಂಕೋಚ ಸಲ್ಲದು.

ಕೋಲು ಉಕ್ಕಿನದಾದರೆ 95ರಿಂದ 130 ಗ್ರಾಂ. ಗ್ರಾಫೈಟಿನದು ಸಾಮಾನ್ಯವಾಗಿ 55ರಿಂದ 85. ಐವತ್ತು ದಾಟಿದ, ದಿನವಿಡೀ ಕುರ್ಚಿಯಲ್ಲಿ ಕುಳಿತು ಬೆನ್ನು ಬಿಗಿದ ಉದ್ಯಮಿಗೆ ಹಗುರ ಕೋಲು ವೇಗವನ್ನೂ ತರುತ್ತದೆ, ಮೊಣಕೈಗೆ ತಟ್ಟುವ ಅದುರನ್ನೂ ತಗ್ಗಿಸುತ್ತದೆ. ಗ್ರಾಫೈಟ್ ಮುದುಕರಿಗೆ ಎಂಬ ಮಾತು ಕ್ಲಬ್ಬಿನ ಪಡಸಾಲೆಯಲ್ಲಿ ಕೇಳಿಬರುವುದುಂಟು. ಮೊಣಕೈ ಆ ಮಾತು ಆಡುವವರದ್ದಲ್ಲವಷ್ಟೆ.

ಕೋಲು ನೆಲದೊಡನೆ ಮಾಡುವ ಕೋನವಾದ ಲೈ ಬಗ್ಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಆಟಗಾರನಿಗೆ ಅದು ಹೆಚ್ಚು ನೆಟ್ಟಗಾದರೆ ಬಲಗೈ ಆಟಗಾರನ ಚೆಂಡು ಎಡಕ್ಕೂ, ಹೆಚ್ಚು ಬಾಗಿದ್ದರೆ ಬಲಕ್ಕೂ ಹೊರಳುತ್ತದೆ. ಸೋಲ್‌ಹೈಮ್ ಅವರ ಕಂಪನಿ ಇದಕ್ಕೆ ಬಣ್ಣದ ಚುಕ್ಕೆಗಳ ಪದ್ಧತಿ ತಂದಿತು; ಕಪ್ಪು ಚುಕ್ಕೆ ಸಾಮಾನ್ಯ, ನೀಲಿ ನೆಟ್ಟನೆ, ಕೆಂಪು ಬಾಗಿದ್ದು. ಕಂಪನಿ ಯಾವುದೇ ಇರಲಿ, ಕೊಳ್ಳುವ ಮುನ್ನ ಈ ಕೋನವನ್ನು ಹೊಂದಿಸಿಕೊಡಲು ಕೇಳಬೇಕು. ಬಡಿದು ಮಾಡಿದ ಮೃದು ಉಕ್ಕನ್ನು ಆಮೇಲೆ ಬಗ್ಗಿಸಬಹುದು. ಎರಕದ ಗಟ್ಟಿ ಉಕ್ಕು ಹೆಚ್ಚು ಬಗ್ಗದು, ಬಲವಂತ ಮಾಡಿದರೆ ಬಿರಿಯಬಹುದು.

ಇನ್ನು 3 ಮತ್ತು 4ನೇ ಐರನ್ನುಗಳನ್ನು ಸಾಧಾರಣ ಆಟಗಾರ ಕೊಳ್ಳುವುದೇ ಬೇಡ. ಅವುಗಳ ಬದಲಿಗೆ ದುಂಡು ತಲೆಯ ಹೈಬ್ರಿಡ್ ದಾಂಡುಗಳು ಸುಲಭವಾಗಿ ಚೆಂಡೆತ್ತುತ್ತವೆ. ಇದರಲ್ಲಿ ಮರ್ಯಾದೆ ಹೋಗುವ ಮಾತಿಲ್ಲ. 2021ರ ಆಗಸ್ಟಿನಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಒಂದೇ ಹೊಡೆತದಿಂದ ಕಂಚು ಕಳೆದುಕೊಂಡು ನಾಲ್ಕನೆಯ ಸ್ಥಾನ ಪಡೆದರು. ದೂರ ಹೊಡೆಯುವುದರಲ್ಲಿ ಅವರು ಕಣದಲ್ಲಿದ್ದವರ ಪೈಕಿ ಕೊನೆಯ ಸಾಲಿನಲ್ಲಿದ್ದರು. ಇತರರು ಐರನ್ ಹಿಡಿಯುತ್ತಿದ್ದಲ್ಲಿ ಹೈಬ್ರಿಡ್ ಹಾಗೂ ವುಡ್ ದಾಂಡುಗಳಿಂದ ಹಸಿರಂಗಣಕ್ಕೆ ಚೆಂಡು ತಲುಪಿಸಿ, ಪಟ್ಟಿಂಗಿನಲ್ಲಿ ಗೆದ್ದರು.

ಖರೀದಿ ಮತ್ತು ಖಾತೆ

ಸ್ಪರ್ಧಾತ್ಮಕವಾಗಿ ಆಡುವ, ಚೆಂಡನ್ನು ಬೇಕೆಂದ ಕಡೆ ಬಳುಕಿಸಬಲ್ಲ ಆಟಗಾರನಿಗೆ ದೊಡ್ಡ ತಲೆಯ ಐರನ್ ಮಂದವೆನಿಸುತ್ತದೆ. ಹೊಡೆತ ಎಲ್ಲಿ ತಾಗಿತೆಂಬ ಸುದ್ದಿ ಕೈಗೆ ಸರಿಯಾಗಿ ಬರುವುದಿಲ್ಲವೆಂಬ ಅವರ ಆಕ್ಷೇಪ ನ್ಯಾಯವಾದುದೇ. ಆದರೆ 18 ಕುಳಿಗೆ ತೊಂಬತ್ತಕ್ಕಿಂತ ಹೆಚ್ಚು ಹೊಡೆತ ತೆಗೆದುಕೊಳ್ಳುವವರಿಗೆ ಆ ಸುದ್ದಿಯಿಂದ ಆಗಬೇಕಾದ್ದೇನಿಲ್ಲ. ಈಚೆಗೆ ಅನೇಕ ವೃತ್ತಿಪರರೇ ಉದ್ದದ ಐರನ್ನುಗಳನ್ನು ಕ್ಯಾವಿಟಿ ಮಾದರಿಯಲ್ಲೂ ಗಿಡ್ಡನೆಯವನ್ನು ಬ್ಲೇಡಿನಲ್ಲೂ ಇಟ್ಟುಕೊಳ್ಳುತ್ತಾರೆ.

ದುಬೈ, ಸಿಂಗಪುರಕ್ಕೆ ಹೋದಾಗ ದಾಂಡು ತರುವ ವರ್ತಕರು ಪ್ರಯಾಣಿಕರ ಸಾಮಾನಿಗೆ ಅನ್ವಯಿಸುವ ಸುಂಕ ವಿನಾಯಿತಿಯ ಮಿತಿಯನ್ನು ಹೊರಡುವ ಮುನ್ನ ಖಚಿತಪಡಿಸಿಕೊಳ್ಳಬೇಕು. ಅದು ಆಗಾಗ ಬದಲಾಗುತ್ತದೆ. ನಕಲಿ ದಾಂಡಿನ ಹಾವಳಿಯೂ ಸಣ್ಣದಲ್ಲ. ಅಮೆರಿಕದ ಪ್ರಮುಖ ತಯಾರಕರು ಇದರ ವಿರುದ್ಧ 2004ರಲ್ಲಿಯೇ ಜಂಟಿ ತಂಡ ರಚಿಸಿಕೊಂಡರು. ಅರ್ಧ ಬೆಲೆಗೆ ಹೊಚ್ಚಹೊಸ ಮಾದರಿ ಸಿಗುತ್ತಿದ್ದರೆ, ಕೋಲಿನ ಕತ್ತಿನಲ್ಲಿರುವ ಕ್ರಮಸಂಖ್ಯೆಯನ್ನು ತಯಾರಕರೊಡನೆ ತಾಳೆ ನೋಡದೆ ಹಣ ಕೊಡಕೂಡದು.

ಖಾತೆಯ ವಿಷಯವೂ ಸ್ಪಷ್ಟವಿರಲಿ. ಮಾಲೀಕನ ಸ್ವಂತ ಆಟದ ದಾಂಡಿಗೆ ವ್ಯವಹಾರದ ಚೆಕ್ ಬರೆದು, ವ್ಯಾಪಾರ ಪ್ರಚಾರದ ಖರ್ಚಿನಡಿ ತೋರಿಸುವ ಅಭ್ಯಾಸ ಕೆಲವೆಡೆ ಇದೆ. ಗಿರಾಕಿಗಳೊಡನೆ ಆಡುತ್ತೇವೆಂಬ ಸಮರ್ಥನೆ ತೆರಿಗೆ ಅಧಿಕಾರಿಯ ಮುಂದೆ ನಿಲ್ಲುವುದು ದುರ್ಲಭ. ವೈಯಕ್ತಿಕ ವೆಚ್ಚವನ್ನು ವ್ಯವಹಾರದ ಆದಾಯದಿಂದ ಕಳೆಯುವಂತಿಲ್ಲ, ವೈಯಕ್ತಿಕ ಬಳಕೆಯ ಸರಕಿನ ಮೇಲೆ ತೆತ್ತ ಜಿಎಸ್‌ಟಿಗೆ ಹುಟ್ಟುವಳಿ ತೆರಿಗೆ ಜಮೆಯೂ ದೊರೆಯದು. ಮಾಲೀಕನ ಡ್ರಾಯಿಂಗ್ಸ್ ಖಾತೆಗೆ ಖರ್ಚು ಹಾಕುವುದೇ ಕ್ರಮ.

ಹಣ ಉಳಿಸಬೇಕೆನ್ನುವವರಿಗೆ ಬಳಸಿದ ಸೆಟ್ಟು ಒಳ್ಳೆಯ ಮಾರ್ಗ. ಐರನ್ನಿನ ತಂತ್ರಜ್ಞಾನ ಜಾಹೀರಾತು ಹೇಳುವಷ್ಟು ವೇಗವಾಗಿ ಬದಲಾಗುವುದಿಲ್ಲ. ನಾಲ್ಕೈದು ವರ್ಷ ಹಳೆಯ ಕ್ಯಾವಿಟಿ ಬ್ಯಾಕ್ ಸಾಧಾರಣ ಆಟಗಾರನಿಗೆ ಹೊಸದರಷ್ಟೇ ಒದಗುತ್ತದೆ. ಹಿಡಿಯ ರಬ್ಬರು ಸವೆದಿದ್ದರೆ ಚಿಂತೆಯಿಲ್ಲ, ಅದನ್ನು ಅಲ್ಪ ಖರ್ಚಿನಲ್ಲಿ ಬದಲಿಸಬಹುದು. ಮುಖದ ಗೀರುಗಳ ಮೇಲೆ ಉಗುರು ಆಡಿಸಿ ನೋಡಬೇಕು. ಉಗುರು ಸಿಕ್ಕಿಕೊಳ್ಳದಿದ್ದರೆ ಗೀರು ಸವೆದಿದೆ. 8, 9 ಮತ್ತು ಪಿಚಿಂಗ್ ವೆಡ್ಜನ್ನು ಮೊದಲು ಪರೀಕ್ಷಿಸಬೇಕು, ಸವೆಯುವುದು ಅವೇ. 3 ಮತ್ತು 4ನೇ ನಂಬರಿನವು ಹೆಚ್ಚಿನ ಹಳೆಯ ಸೆಟ್ಟುಗಳಲ್ಲಿ ಕಾರ್ಖಾನೆಯಿಂದ ಬಂದ ಹೊಳಪಿನಲ್ಲೇ ಇರುತ್ತವೆ. ಅವನ್ನು ತೋರಿಸಿ ಹೆಚ್ಚಿನ ಬೆಲೆ ಕೇಳುವ ಮಾರಾಟಗಾರನಿಗೆ, ಆ ಎರಡನ್ನು ಬಿಟ್ಟು ಉಳಿದವಕ್ಕೆ ದರ ಹೇಳೆಂದು ಕೇಳಬಹುದು.